ಭಿಕ್ಷೆಗೆ ಹೋದ ಇಂಜಿನಿಯರು

ಹೊಳೆ ದಂಡೆಯಲ್ಲಿ ಒಂದು ಹೊಂಗೆಮರ, ಒಂದು ಹೆಂಚಿನ ಕೋಣೆ, ಒಬ್ಬ ಗುರು. ಆಶ್ರಮ ಅಂದರೆ ಅಷ್ಟೇ. ಬೋರ್ಡು ಕೂಡ ಇರಲಿಲ್ಲ.

ಗುರುವಿನ ಹೆಸರು ಮರುಳಯ್ಯ. ಎಲ್ಲರೂ ಅವರನ್ನು ‘ಬುದ್ದಿ’ ಅಂತ ಕರೆಯುತ್ತಿದ್ದರು. ಶಿಷ್ಯ ಗೌರೀಶನಿಗೆ ಅವರ ಮೇಲೆ ಎಷ್ಟು ಭಕ್ತಿ ಅಂದರೆ, ಅವರು ಸೀನಿದರೂ ಅದರಲ್ಲಿ ಏನೋ ಅರ್ಥ ಇರಬೇಕು ಅಂತ ಹುಡುಕುತ್ತಿದ್ದ.

ಗೌರೀಶ ಮೈಸೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. ಆಸ್ಪತ್ರೆಗಳ ಕಂಪ್ಯೂಟರು ಮುನಿಸಿಕೊಂಡರೆ ರಮಿಸುವುದು ಅವನ ಕಸುಬು. ಒಂದು ಶನಿವಾರ ಬೆಳಿಗ್ಗೆ ಬಂದು ಗುರುವಿನ ಕಾಲಿಗೆ ಬಿದ್ದವನು ಏಳಲೇ ಇಲ್ಲ.

“ನಿದ್ದೆ ಬಂತಾ?” ಅಂದರು ಗುರುಗಳು.

“ಇಲ್ಲ ಬುದ್ದಿ. ಒಂದು ಮಾತು ಕೇಳ್ಬೇಕಿತ್ತು.”

“ಎದ್ದು ಕೇಳು. ನೆಲಕ್ಕೆ ಕೇಳಿದ್ರೆ ನೆಲ ಏನು ಹೇಳುತ್ತೆ?”

ಎದ್ದು ಕೂತ. “ಕಂಪನಿ ಬಿಟ್ಟು ಸ್ವಂತವಾಗಿ ಗುತ್ತಿಗೆ ಕೆಲಸ ಹಿಡೀಲಾ ಅಂತ ಯೋಚನೆ ಬುದ್ದಿ. ಒಂದು ದೊಡ್ಡ ಆಸ್ಪತ್ರೆಯವರು ಕರೀತಿದ್ದಾರೆ. ಸೋಮವಾರದೊಳಗೆ ಹೇಳ್ಬೇಕು.”

“ಮನೇಲಿ ಏನಂತಾರೆ?”

“ಅಮ್ಮ, ‘ಗುತ್ತಿಗೆ ಅಂದ್ರೆ ರಸ್ತೆಗೆ ಡಾಂಬರು ಹಾಕಿಸೋದಾ? ಹಂಗಾದ್ರೆ ಮೊದಲು ನಮ್ಮ ಬೀದಿಗೆ ಹಾಕ್ಸು’ ಅಂದ್ರು.”

ಗುರುಗಳು ಹೊಟ್ಟೆ ಅಲುಗಾಡುವ ಹಾಗೆ ನಕ್ಕರು. “ನಿಮ್ಮಮ್ಮ ಗಟ್ಟಿಗಿತ್ತಿ. ನಿನಗೇನು ಭಯ?”

“ಈಗ ಕೆಲಸ ತಾನಾಗಿ ಮೇಜಿಗೆ ಬರುತ್ತೆ. ಹೊರಗೆ ಬಂದ ಮೇಲೆ ನನ್ನನ್ನ ಯಾರು ಕೇಳ್ತಾರೆ? ಕೆಲಸವೇ ಸಿಗದೆ ಹೋದ್ರೆ? ಬಿಟ್ಟು ಹೋದವನನ್ನ ನಮ್ಮ ಕಂಪನಿ ಮತ್ತೆ ಸೇರಿಸಿಕೊಳ್ಳಲ್ಲ. ಹೆಂಡತಿಗೆ ಈಗ ಏಳು ತಿಂಗಳು, ತವರಲ್ಲಿದ್ದಾಳೆ.”

ಗುರುಗಳು ಗೋಡೆಯ ಗೂಟದಿಂದ ಜೋಳಿಗೆ ತೆಗೆದು ಅವನ ಹೆಗಲಿಗೆ ಹಾಕಿದರು. ಅವರು ದಿನಾ ಭಿಕ್ಷೆಗೆ ಒಯ್ಯುವ ಕಾವಿ ಚೀಲ ಅದು.

“ಊರೊಳಕ್ಕೆ ಹೋಗು. ಭಿಕ್ಷೆ ಕೇಳಿ ತಗೊಂಡು ಬಾ. ನನ್ನ ಹೆಸರು ಹೇಳ್ಬೇಡ. ಕಂಪನಿ ಹೆಸರೂ ಹೇಳ್ಬೇಡ.”

“ಹಾಗಾದ್ರೆ ಯಾರು ಅಂತ ಹೇಳ್ಲಿ?”

“ಹಸಿದವನು ಅನ್ನು. ಸುಳ್ಳೇನಲ್ಲ. ನಿನ್ನ ಹೊಟ್ಟೆ ಗುರ್ ಅನ್ನೋದು ಇಲ್ಲಿಗೇ ಕೇಳಿಸ್ತಿದೆ.”

ಗೌರೀಶ ಹೊರಟ. ಇಸ್ತ್ರಿ ಪ್ಯಾಂಟು, ಹೆಗಲ ಮೇಲೆ ಕಾವಿ ಚೀಲ. ನಾಯಿಗಳಿಗೂ ಬೊಗಳಬೇಕೋ ಬೇಡವೋ ಅಂತ ಅನುಮಾನ.

ಮೊದಲನೇ ಮನೆ ಜಗಲಿಯಲ್ಲಿ ಒಬ್ಬ ಹೆಂಗಸು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿ ನೋಡಿ, “ಕರೆಂಟ್ ಬಿಲ್ನೋರಾ? ಮೀಟ್ರು ಹಿತ್ಲಲ್ಲದೆ, ಹೋಗಿ ನೋಡ್ಕೊಳಪ್ಪ” ಅಂದಳು.

ಗೌರೀಶ ಹಿತ್ತಲಿಗೆ ಹೋಗಿ ಮೀಟರು ನೋಡಿಕೊಂಡು ಬಂದ.

“ಎಷ್ಟಾಗದೆ?”

ಹೇಳಿದ.

“ಅಷ್ಟೊಂದಾ?” ಅಂತ ಅವಳು ಅವನಿಗೇ ಬೈದಳು. ಗೌರೀಶ ಕ್ಷಮೆ ಕೇಳಿ ಮುಂದಿನ ಮನೆಗೆ ಹೋದ.

ಅಲ್ಲಿ ಒಬ್ಬ ಮುದುಕ, “ಸರ್‍ಯಾದ ಹೊತ್ಗೆ ಬಂದೆ ಕಣ್ಲಾ! ಈ ಹಸ ವಸಿ ಹಿಡ್ಕೋ” ಅಂತ ಹಗ್ಗ ಕೈಗೆ ಕೊಟ್ಟ. ಗೌರೀಶ ಹಸು ಹಿಡಿದುಕೊಂಡ. ಹಸು ಗೌರೀಶನನ್ನು ಕೆರೆ ಏರಿಯವರೆಗೂ ಹಿಡಿದುಕೊಂಡು ಹೋಯಿತು.

ಅದರಾಚೆ ಮನೆಯಲ್ಲಿ ಬಣವೆಗೆ ಹುಲ್ಲು ಎತ್ತಿಕೊಟ್ಟ. ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿಯ ಟಿ.ವಿ. ಸರಿಮಾಡಿದ. ಒಲೆಯ ಮೇಲೆ ಬಸ್ಸಾರು ಕುದಿಯುತ್ತಿತ್ತು. ಅದರ ಘಮ ಸೀದಾ ಮೂಗಿಗೆ ಬಂದು ಕೂತಿತು. “ನಿನ್ನ ಕೈ ಬಂಗಾರ ಕಣಪ್ಪ” ಅಂದಳು ಅಜ್ಜಿ. “ಬರ್ತೀನಜ್ಜಿ” ಅಂದು ಗೌರೀಶ ಎದ್ದು ಬಂದುಬಿಟ್ಟ.

ಆಶ್ರಮಕ್ಕೆ ಬರುವಾಗ ಬಿಸಿಲು ನೆತ್ತಿಗೇರಿತ್ತು. ತಲೆ ತುಂಬ ಹುಲ್ಲು. ಮುಖ ಮಾತ್ರ ದೀಪ ಹಚ್ಚಿದ ಹಾಗೆ.

“ಬುದ್ದಿ, ಊರಲ್ಲಿ ಎಷ್ಟು ಕೆಲಸ ಸಿಕ್ತು ಗೊತ್ತಾ? ಮೀಟ್ರು, ಹಸು, ಹುಲ್ಲು, ಟಿ.ವಿ... ಉಸಿರಾಡೋಕೆ ಪುರುಸೊತ್ತಿಲ್ಲ!”

“ಭಿಕ್ಷೆ?”

ಗೌರೀಶ ಜೋಳಿಗೆಗೆ ಕೈ ಹಾಕಿದ. ಒಂದು ಹುಲ್ಲುಕಡ್ಡಿ ಸಿಕ್ಕಿತು.

“ಕೇಳೋಕೆ ಮರೆತೆ.” ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿದ. “ಇಲ್ಲ ಬುದ್ದಿ, ಮರೀಲಿಲ್ಲ. ಬಾಯಿ ಬರಲಿಲ್ಲ. ಕೆಲಸ ಮಾಡಿದ್ರೆ ಅವರಾಗೇ ಕೊಡ್ತಾರೆ ಅಂದ್ಕೊಂಡೆ.”

“ಕೊಟ್ರಲ್ಲ, ಹಸು.”

ಭಿಕ್ಷೆ ಬಂದರೆ ಊಟ, ಬರದಿದ್ದರೆ ನೀರು. ಆಶ್ರಮದಲ್ಲಿ ಇದ್ದ ನಿಯಮ ಇದೊಂದೇ. ಗುರುಗಳು ಚೊಂಬು ಎತ್ತಿ ನೀರು ಕುಡಿದು ಮಲಗಿದರು. ತನ್ನ ನಾಚಿಕೆಗೆ ಅವರೂ ಉಪವಾಸ ಬಿದ್ದರಲ್ಲ ಅನ್ನುವುದು ಗೌರೀಶನಿಗೆ ಹಸಿವಿಗಿಂತ ಜೋರಾಗಿ ಚುರುಗುಟ್ಟಿತು. ಹೀಗೇ ಬರಿಗೈಯಲ್ಲಿ ಮನೆಗೆ ಹೋದರೆ ಹೆಂಡತಿಯೂ ನೀರು ಕುಡಿದು ಮಲಗಬೇಕು ತಾನೆ ಅಂತಲೂ ಅನ್ನಿಸಿತು.

ಮಾರನೇ ದಿನ ಗುರುಗಳೇ ಜೋಳಿಗೆ ಹಾಕಿಕೊಂಡರು. “ಇವತ್ತು ನಾನು. ಹಿಂದೆ ಬಾ.”

ಮತ್ತದೇ ಮೊದಲನೇ ಮನೆ. “ಭಿಕ್ಷಾ, ತಾಯಿ.” ಒಂದೇ ಸಲ ಕರೆದು ನಿಂತರು.

“ಕೈ ಬಿಡುವಿಲ್ಲ ಬುದ್ದಿ, ಮುಂದಕ್ಕೋಗಿ” ಅಂದಳು ಹೆಂಗಸು.

“ಒಳ್ಳೇದಾಗ್ಲಿ ತಾಯಿ.”

ಕೊಟ್ಟಿದ್ದರೆ ಹೇಗೆ ಹೇಳುತ್ತಿದ್ದರೋ ಹಾಗೇ ಹೇಳಿದರು. ಅದೇ ದನಿ, ಅದೇ ನಗು. ಗೌರೀಶ ಅವರ ಮುಖವನ್ನೇ ನೋಡಿದ. ಬೇಜಾರಿನ ಒಂದು ಎಳೆ ಸಿಕ್ಕೀತೇನೋ ಅಂತ ಹುಡುಕಿದ. ಸಿಗಲಿಲ್ಲ.

ಎರಡನೇ ಮನೆ ಮುದುಕನ ಕೈಯಲ್ಲಿ ಹಗ್ಗ ತಯಾರಾಗಿಯೇ ಇತ್ತು. “ಸರ್‍ಯಾದ ಹೊತ್ಗೆ ಬಂದ್ರಿ ಬುದ್ದಿ! ಈ ಹಸ ವಸಿ ಹಿಡ್ಕಳಿ.”

“ಇಲ್ಲಪ್ಪ. ನಾನು ಹಸು ಹಿಡಿಯೋಕೆ ಬಂದಿಲ್ಲ, ಭಿಕ್ಷೆಗೆ ಬಂದೆ.”

ಆಕಾಶ ಬೀಳುತ್ತೆ ಅಂತ ಗೌರೀಶ ಕಣ್ಣು ಮುಚ್ಚಿದ. ಏನೂ ಬೀಳಲಿಲ್ಲ. ಮುದುಕ ಹಸುವನ್ನು ಪಕ್ಕದ ಗೂಟಕ್ಕೆ ಕಟ್ಟಿ, ಒಳಗೆ ಹೋಗಿ ಬಿಸಿ ಮುದ್ದೆ ತಂದ.

“ಅಯ್ಯೋ, ಗೂಟ ಇತ್ತಾ? ನಿನ್ನೆ ಯಾಕೆ ಅದಕ್ಕೆ ಕಟ್ಟಲಿಲ್ಲ?” ಅಂದ ಗೌರೀಶ.

“ನೆನ್ನೆ ನೀನಿದ್ದಲ್ಲ” ಅಂದ ಮುದುಕ.

ಮುಂದೆ ಮಹಡಿ ಮನೆ. ಅಲ್ಲಿನ ಸಾಹುಕಾರರು ಕೈ ಮುಗಿದುಕೊಂಡೇ ಇಳಿದು ಬಂದರು. “ಬೀದಿ ಬೀದಿ ಯಾಕೆ ಅಲೀತೀರಿ ಬುದ್ದಿ? ದಿನಾ ನಮ್ಮಲ್ಲೇ ಊಟ ಮಾಡಿ. ನಾನು ಕರೆದಾಗ ಬಂದು, ಹೇಳಿದವರಿಗೆ ಒಂದು ಆಶೀರ್ವಾದ ಮಾಡಿದ್ರೆ ಸಾಕು.”

“ನಾಳೆ ಹಸಿವಾದ್ರೆ ಬರ್ತೀನಪ್ಪ. ಇವತ್ತಿಗೆ ಒಂದು ಸೌಟು ಅನ್ನ ಸಾಕು.”

ಒಂದೇ ಸೌಟು ಹಾಕಿಸಿಕೊಂಡರು. ಎರಡನೆಯದಕ್ಕೆ ಜೋಳಿಗೆ ಮುಚ್ಚಿದರು. ಬೀದಿಗಿಳಿದು ಎಂದಿನ ಹೆಜ್ಜೆಯಲ್ಲಿ ನಡೆದರು. ಹಿಂದೆ ಬರುತ್ತಿದ್ದ ಗೌರೀಶನಿಗೆ ಎದೆ ತುಂಬಿ ಬಂತು. ಮೈಮೇಲಿರುವುದು ತೇಪೆ ಹಾಕಿದ ಬಟ್ಟೆ, ಆದರೆ ಈ ಊರಿನ ಬೀದಿಯೆಲ್ಲ ಇವರದೇ ಅನ್ನುವಂಥ ನಡಿಗೆ!

ಕೊನೆಯ ಮನೆ ಹತ್ತಿರ ಗುರುಗಳು ಜೋಳಿಗೆಯನ್ನು ಅವನ ಹೆಗಲಿಗೆ ದಾಟಿಸಿದರು. “ಇದು ನಿನ್ನದು.”

ಗೌರೀಶ ಬಾಗಿಲಲ್ಲಿ ನಿಂತ. “ಭಿಕ್ಷಾ” ಅನ್ನಲು ಹೋದ. ಗಂಟಲಿಂದ ಕಪ್ಪೆ ಕೂಗಿದಂಥ ಸದ್ದು ಬಂತು.

ಒಳಗಿಂದ ಅಜ್ಜಿ ಇಣುಕಿದಳು. “ಬಂದ್ಯಾ ಮಗ! ಟಿ.ವಿ. ತಿರ್ಗಾ ಕೆಟ್ಟದೆ, ಬಾ ಬಾ.”

ಅವನ ಒಂದು ಕಾಲು ಆಗಲೇ ಹೊಸಿಲು ದಾಟಿತ್ತು. ಅದನ್ನು ಮೆಲ್ಲಗೆ ವಾಪಸ್ ಎಳೆದುಕೊಂಡ.

“ಅಜ್ಜೀ, ಮೊದಲು ಭಿಕ್ಷೆ ಹಾಕಿ. ಟಿ.ವಿ. ಆಮೇಲೆ ನೋಡ್ತೀನಿ.”

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಗೌರೀಶ ಬೆವರಿದ.

“ಹಸ್ದಿದ್ಯಾ? ನೆನ್ನೇನೆ ಬಾಯಿ ಬುಟ್ಟು ಹೇಳಕ್ಕೇನಾಗಿತ್ತೋ, ಪೆದ್ದೇ?” ಅಂತ ಒಳಗೆ ಹೋದವಳು, ಅನ್ನದ ಜೊತೆಗೆ ಒಂದು ಚೊಂಬು ಬಸ್ಸಾರೂ ತಂದಳು.

ಟಿ.ವಿ. ಸರಿಮಾಡಿಕೊಟ್ಟು ಇಬ್ಬರೂ ದಂಡೆಗೆ ಬಂದರು. ಗುರುಗಳ ಊಟ ಬೇಗ ಮುಗಿಯಿತು. ಗೌರೀಶ ಮುದ್ದೆ ಮುರಿಯುತ್ತಾ ಕೇಳಿದ: “ನಾಳೆ ಸೋಮವಾರ. ಕಂಪನಿ ಬಿಡ್ಲಾ ಬುದ್ದಿ?”

“ಬಿಡು.”

ಗೌರೀಶ ಎಡಗೈಯಲ್ಲಿ ಫೋನು ತೆಗೆದ.

“ಬಿಡಬೇಡ.”

ಫೋನು ಜೇಬಿಗಿಟ್ಟ.

“ಬಿಡು.”

ಮತ್ತೆ ತೆಗೆದ.

“ಬಿಡಬೇಡ.”

ಕೈ ಅರ್ಧದಲ್ಲೇ ನಿಂತಿತು. ಕಿವಿ ಕೆಂಪಾಯಿತು. ಆಮೇಲೆ ಅನ್ನ ನೆತ್ತಿಗೇರುವಷ್ಟು ನಗು ಬಂತು.

ಗುರುಗಳು ನಗಲಿಲ್ಲ. “ಎದ್ದು ಹೊಳೆಯಿಂದ ಒಂದು ಕೊಡ ನೀರು ತಾ.”

ಗೌರೀಶ ಅರ್ಧ ಎದ್ದ. ಎಲೆ ನೋಡಿದ. ಮತ್ತೆ ಕೂತ.

“ಊಟ ಮುಗಿಸಿ ತರ್ತೀನಿ ಬುದ್ದಿ.”

ಗುರುಗಳು ಅವನನ್ನೇ ನೋಡಿದರು. ತಾವೇ ಕೊಡ ಎತ್ತಿಕೊಂಡು ಹೊಳೆಯ ಮೆಟ್ಟಿಲು ಇಳಿದರು.

ಗೌರೀಶ ಎಡಗೈ ಹೆಬ್ಬೆರಳಿನಲ್ಲಿ ಆಸ್ಪತ್ರೆಯವರಿಗೆ ಬರೆದ: ಬರ್ತೀನಿ. ನನ್ನ ದರ ನಾನು ಹೇಳ್ತೀನಿ. ಭಾನುವಾರ ಫೋನ್ ಎತ್ತಲ್ಲ. ಮಗು ಹುಟ್ಟುವ ತಿಂಗಳು ಪೂರ್ತಿ ರಜೆ. ಒಪ್ಪಿಗೆಯಾದರೆ ತಿಳಿಸಿ.

ಇನ್ನು ಕಳಿಸುವುದೊಂದೇ ಬಾಕಿ. ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಗುರುಗಳು ಒಮ್ಮೆ ತಿರುಗಿ ನೋಡಿ ತಲೆಯಾಡಿಸಲಿ ಅಂತ ಮೆಟ್ಟಿಲ ಕಡೆಗೇ ನೋಡುತ್ತಾ ಕೂತ.

ಗುರುಗಳು ತಿರುಗಲಿಲ್ಲ. ಕೊಡವನ್ನು ನೀರಿಗೆ ಅದ್ದುತ್ತಾ ಬಗ್ಗಿಕೊಂಡೇ ಅಂದರು:

“ನನ್ನ ಬೆನ್ನು ಯಾಕೆ ನೋಡ್ತೀಯ? ಅಲ್ಲೇನೂ ಬರೆದಿಲ್ಲ.”