ಒಂಬತ್ತನೇ ಜೊತೆ ನಿಂಬೆಹಣ್ಣು

ಹಿರಿಯೂರಿನ ತಿಪ್ಪೇಶಪ್ಪ ಸತತ ಒಂಬತ್ತನೇ ಭಾನುವಾರ ಚಿತ್ರದುರ್ಗದ ಶೋರೂಮಿಗೆ ಬಂದ. ಹೊಸ ಗಾಡಿಯ ಚಕ್ರದಡಿ ಇಡಲೆಂದು ಚೀಲದಲ್ಲಿ ಎರಡು ನಿಂಬೆಹಣ್ಣು ತಂದಿದ್ದ. ಎದುರಿಗೆ ಮತ್ತೆ ಅವೇ ಎರಡು ಬೈಕು.

“ಹೈವೇಗೆ ನಾನೇ ಸರಿ. ನೂರು ದಾಟಿದರೂ ಅಲುಗಾಡುವುದಿಲ್ಲ,” ಎಂದಿತು ದೊಡ್ಡ ಬೈಕು.

“ಪೇಟೆಯ ಸಂದಿಯಲ್ಲಿ ನಿನ್ನನ್ನು ತಿರುಗಿಸಲು ಇಬ್ಬರು ಬೇಕು. ಊರೊಳಗೆ ನಾನೇ ವಾಸಿ,” ಎಂದಿತು ಹಗುರ ಬೈಕು.

ತಿಪ್ಪೇಶಪ್ಪ ಎರಡನ್ನೂ ಓಡಿಸಿದ, ಎರಡರ ಸೀಟನ್ನೂ ಒತ್ತಿ ನೋಡಿದ. ಕೊನೆಗೆ “ಮುಂದಿನ ವಾರ ಹೇಳ್ತೀನಿ” ಎಂದು ಹೊರಗೆ ಬಂದು, ತನ್ನ ಹಳೇ ಮೊಪೆಡ್ಡಿಗೆ ಚೀಲ ನೇತುಹಾಕಿದ.

ನಿಂಬೆಹಣ್ಣುಗಳಿಗೆ ರೇಗಿಹೋಯಿತು. “ಹಿಂದಿನ ಎಂಟು ಜೊತೆಯೂ ಇವನ ಮನೆಯಲ್ಲಿ ಉಪ್ಪಿನಕಾಯಿಯಾದವು. ಹೈವೇಗೂ ಪೇಟೆಗೂ ಆಗುವ ಗಾಡಿ ಇವನಿಗೆ ಈ ಜನ್ಮದಲ್ಲಿ ಸಿಗುತ್ತದೆಯೆ?”

ಮೊಪೆಡ್ ಕೇಳಿತು: “ಪ್ರತಿ ವಾರ ನಲವತ್ತು ಕಿಲೋಮೀಟರು ಹೈವೇ, ಆಮೇಲೆ ಈ ಪೇಟೆಯ ನೂಕುನುಗ್ಗಲು. ಎರಡರಲ್ಲೂ ಇವನನ್ನು ಹೊತ್ತು ತರುತ್ತಿರುವುದು ಯಾರು?”

ನಿಂಬೆಹಣ್ಣುಗಳು ಚೀಲದಿಂದ ಉರುಳಿ, ಮೊಪೆಡ್ಡಿನ ಚಕ್ರಕ್ಕೊಂದರಂತೆ ಅಡಿಗೆ ಹೋಗಿ ಕೂತವು.

ಯಾವ ಬೈಕು ಕೊಳ್ಳಲಿ ಎಂಬ ಯೋಚನೆಯಲ್ಲೇ ತಿಪ್ಪೇಶಪ್ಪ ಮೊಪೆಡ್ ಹೊರಡಿಸಿದ. ಎರಡು ಹಣ್ಣೂ ಪಚಕ್ಕನೆ ಒಡೆದವು.