ಮೂರು ಹಬ್‌ಗಳೂ ಒಬ್ಬ ಮುದಕಪ್ಪನೂ

ನೀಲವ್ವನಿಗೆ ಒಬ್ಬನೇ ಮಗ. ಒಬ್ಬನೇ ಆದದ್ದು ಪುಣ್ಯ ಎಂದು ಓಣಿಯವರು ಅನ್ನುತ್ತಿದ್ದರು. ಹೆಸರು ಮುದಕಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ.

ನೀಲವ್ವ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕಸ ಹೊಡೆದು ಹೊಡೆದು ಮೊಣಕಾಲು ಸವೆಸಿಕೊಂಡಿದ್ದಳು. ಕಮಿಟಿಯವರು ಕರುಣೆ ತೋರಿದರು. ಆನ್‌ಲೈನ್ ಪರೀಕ್ಷೆ ಮುಗಿಯುವ ತನಕ ಮಗ ಲ್ಯಾಬು ನೋಡಿಕೊಳ್ಳಲಿ. ಸುಸೂತ್ರ ನಡೆದರೆ ನೌಕರಿ ಅವನಿಗೆ, ವಿಶ್ರಾಂತಿ ಅವ್ವನಿಗೆ.

ಅದೇ ವಾರ ಮೂರು ಹಬ್ ಬಂದವು. ಎಲ್ಲ ಕಂಪ್ಯೂಟರುಗಳ ಕೇಬಲ್ಲು ಬಂದು ಸೇರುವ ಚಪ್ಪಟೆ ಪೆಟ್ಟಿಗೆಗಳು. ಲ್ಯಾಬಿನ ಮುಖ್ಯಸ್ಥ ಕುಬಸದ ಸರ್ ಒಂದರ ಮೇಲೊಂದು ಇಟ್ಟು, ಗಿಡ್ಡ ಕೇಬಲ್ಲಿನಿಂದ ಜೋಡಿಸಿದರು.

"ಇನ್ನ ಇವು ಮೂರಲ್ಲೋ, ಒಂದೇ ಅಂತ ತಿಳಕೋ. ಕರೆಂಟ್ ಕೊಡು," ಎಂದು ಚಹಾಕ್ಕೆ ಹೋದರು.

ಬಂದು ನೋಡಿದರೆ ಮೇಲಿನದಕ್ಕಷ್ಟೇ ದೀಪ.

"ಉಳಿದ ಎರಡಕ್ಕ?"

"ಉಳಿದ ಎರಡು ಎಲ್ಲಿ ಅದಾವ್ರಿ ಸರ್? ಒಂದೇ ಅಂದ್ರಲ್ಲ."

"ಒಬ್ಬ ಉಂಡ್ರ ಮೂವರ ಹೊಟ್ಟಿ ತುಂಬತದೇನೋ? ಒಂದಕ್ಕ ಮಾಡಿದ್ದು ಮೂರಕ್ಕೂ ಮಾಡಬೇಕು."

ಮುದಕಪ್ಪ ಮನೆಗೆ ಹೋಗಿ ಅವ್ವನಿಗೆ ಒಪ್ಪಿಸಿದ. "ಮೂರೋ ಒಂದೋ?" ಎಂದಳು ನೀಲವ್ವ. "ಎರಡೂ ಹೌದಂತ," ಎಂದ. ಅವಳಿಗೂ ತಿಳಿಯಲಿಲ್ಲ.

ಮರುದಿನ ಅಭ್ಯಾಸ ಪರೀಕ್ಷೆ. ಕೆಳಗಿನ ಹಬ್ ಸುಮ್ಮನಾಯಿತು. ಸರ್ ಫೋನಿನಲ್ಲಿ, "ಕೆಳಗಿನದನ್ನ ಒಮ್ಮೆ ಆರಿಸಿ ಹಚ್ಚು," ಎಂದರು. ಮುದಕಪ್ಪ ಮೂರನ್ನೂ ಆರಿಸಿ ಹಚ್ಚಿದ. ಇಡೀ ಲ್ಯಾಬಿನ ಉತ್ತರಗಳು ಹೋದವು.

"ಒಂದಕ್ಕ ಮಾಡಿದ್ದು ಮೂರಕ್ಕೂ ಅಂದಿದ್ರಿ, ಸರ್."

ಸರ್ ಹಣೆ ಒತ್ತಿಕೊಂಡರು. "ತಮ್ಮಾ, ನಡಿಯೋದನ್ನ ಮುಟ್ಟಬಾರದು. ತಿಳೀತಾ?"

"ತಿಳೀತ್ರಿ." ತಿಳಿದಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಒಂದು ಕೇಬಲ್ ಹಬ್‌ನಿಂದ ಜಾರಿ ನೆಲದ ಮೇಲೆ ಬಿದ್ದಿತ್ತು. ಸರ್ ಎಡವಿ ಬಿದ್ದರು.

"ಇದು ನಿನಗ ಕಾಣಲಿಲ್ಲೇನೋ?"

"ಮುಂಜಾನಿಂದ ಕಾಣತೈತ್ರಿ. ಆದ್ರ ಪೆಟ್ಟಿಗಿ ನಡೀತಿತ್ತು. ನಡಿಯೋದನ್ನ ಮುಟ್ಟಬಾರದು ಅಂದಿದ್ರಿ."

"ನಿಮ್ಮವ್ವನ ಮುಖಾ ನೋಡಿ ಸುಮ್ಮನಿದ್ದೀನಿ. ಬಿಡಿ ತುದಿ ಕಂಡ್ರ ಖಾಲಿ ಜಾಗಾದಾಗ ಸಿಕ್ಕಿಸು. ಇನ್ನೊಂದು ಮಾತು ಆಡಬ್ಯಾಡ."

ಪರೀಕ್ಷೆಯ ಬೆಳಿಗ್ಗೆ ನೀಲವ್ವ ಮಗನಿಗೆ ಇಸ್ತ್ರಿ ಅಂಗಿ ತೊಡಿಸಿದಳು. "ಸರ್ ಹೇಳಿದ್ದೆಲ್ಲಾ ನೆನಪಿಡೋ. ಒಂದೂ ಬಿಡಬ್ಯಾಡ."

ಬಿಡಲಿಲ್ಲ. ಹೆಚ್ಚಿನ ಕಂಪ್ಯೂಟರ್ ಬಂದರೆ ಬೇಕಾದೀತೆಂದು ಸರ್ ಪ್ರತಿ ಹಬ್‌ಗೂ ಒಂದೊಂದು ಕೇಬಲ್ ಸಿಕ್ಕಿಸಿ ಇನ್ನೊಂದು ತುದಿ ಇಳಿಬಿಟ್ಟಿದ್ದರು. ಪರೀಕ್ಷೆ ಶುರುವಾದ ಮೇಲೆ ಮುದಕಪ್ಪನಿಗೆ ಒಂದು ಬಿಡಿ ತುದಿ ಕಂಡಿತು. ಅದೇ ಹಬ್‌ನ ಖಾಲಿ ಜಾಗದಲ್ಲಿ ಸಿಕ್ಕಿಸಿದ. ಒಂದಕ್ಕೆ ಮಾಡಿದ್ದು ಮೂರಕ್ಕೂ ಮಾಡಬೇಕಲ್ಲ, ಮೂರಕ್ಕೂ ಮಾಡಿದ.

ಹಬ್‌ನಿಂದ ಹೊರಟ ಸಂದೇಶ ಸುತ್ತು ಹೊಡೆದು ಅದೇ ಹಬ್‌ಗೆ ಮರಳತೊಡಗಿತು. ತನ್ನ ಕೂಗನ್ನೇ ಕೇಳಿ ಅದು ಮತ್ತೆ ಕೂಗಿತು. ಕಂಪ್ಯೂಟರುಗಳೆಲ್ಲ ಮರಗಟ್ಟಿದವು. ಹಬ್‌ಗಳ ದೀಪಗಳು ಮಾತ್ರ ಮದುವೆ ಮನೆಯ ಲೈಟಿನ ಸರದ ಹಾಗೆ ಮಿಣಮಿಣ ಕುಣಿದವು. ಮಗನ ಕೆಲಸ ನೋಡಲು ಬಂದು ಬಾಗಿಲಲ್ಲಿ ನಿಂತ ನೀಲವ್ವ ಆ ಬೆಳಕು ನೋಡಿ, ಮಗ ಗೆದ್ದ ಎಂದುಕೊಂಡಳು.

ಕುಬಸದ ಸರ್ ಓಡಿ ಬಂದರು. "ಏನು ಸಿಕ್ಕಿಸಿದ್ಯೋ? ಕೀಳು."

ಮುದಕಪ್ಪ ಕೈ ಹಿಂದೆ ಕಟ್ಟಿಕೊಂಡ.

"ಕೀಳೋ ಅಂದೆ."

"ನಡಿಯೋದನ್ನ ಮುಟ್ಟಬಾರದು, ಸರ್. ಇಷ್ಟು ಜೋರು ಇವು ಎಂದೂ ನಡೆದಿಲ್ಲ."

ಪರೀಕ್ಷೆ ಮುಂದಕ್ಕೆ ಹೋಯಿತು. ಮಗನಿಗೆ ಬುದ್ಧಿ ಬರುವ ತನಕ ತಾಯಿಯೇ ಕಸ ಹೊಡೆಯಲಿ ಎಂದು ಕಮಿಟಿ ತೀರ್ಮಾನಿಸಿತು. ಅಂದರೆ ಸಾಯುವ ತನಕ.

ನೀಲವ್ವ ಕಸಬರಿಗೆ ಹಿಡಿದು ಮತ್ತೆ ಲ್ಯಾಬಿಗೆ ಹೊರಟಳು. ನಾಲ್ಕು ಹೆಜ್ಜೆಗೆ ಮೊಣಕಾಲು ಹಿಡಿದುಕೊಂಡಿತು. ಆದರೂ ಕುಂಟುತ್ತಾ ನಡೆದಳು.

"ಮುದಕಪ್ಪಾ, ಸ್ವಲ್ಪ ಕೈ ಹಿಡಿಯೋ."

ಮುದಕಪ್ಪ ದೂರ ಸರಿದ.

"ನೀ ನಡೀಲಿಕತ್ತೀಯಲ್ಲವ್ವಾ."