ಹನಿ ಬಿದ್ದರೆ ಗಾಡಿ ಬಿಡಬೇಡ

ಕೇಳುವವರು ಹತ್ತಿರ ಬಂದು ಕೂರಿ, ನಗು ಬಂದವರು ಜೋರಾಗಿಯೇ ನಗಿ. ಬೋರಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಹೆಸರು ತಿಪ್ಪೇಶ. ಕಳ್ಳತನ ಇಲ್ಲ, ಸುಳ್ಳು ಇಲ್ಲ, ಸೋಮಾರಿತನ ಮೊದಲೇ ಇಲ್ಲ. ಇದ್ದ ತೊಂದರೆ ಒಂದೇ: ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ.

"ಇವನನ್ನು ಕಟ್ಟಿಕೊಂಡು ಹೆಂಗಪ್ಪಾ ಬಾಳೋದು!" ಎಂದು ಬೋರಮ್ಮ ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ಗುರುವಾರ ಬೆಳಗ್ಗೆಯಂತೂ ಅವಳ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಮಗಳು ಸಾಕಮ್ಮ ತುಂಬು ಬಸುರಿ, ಗಂಡನ ಮನೆಯಲ್ಲಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಬೀಗಿತ್ತಿ ಹೇಳಿ ಕಳಿಸಿದ್ದಳು: "ಗುರುವಾರ ರಾಹುಕಾಲ ಹುಟ್ಟೋಕೆ ಮೊದಲು ನಮ್ಮೂರ ಗಡಿ ದಾಟಿಸಿಕೊಂಡು ಹೋಗಿ. ಆಮೇಲೆ ಒಳ್ಳೇ ದಿನ ಇಲ್ಲ. ದಾಟದೆ ಹೋದರೆ ಹೆರಿಗೆ, ಬಾಣಂತನ ಎಲ್ಲಾ ಇಲ್ಲೇ!"

ತೀರಿಕೊಂಡ ಗಂಡನ ಹಳೇ ಜೀಪು ಚಪ್ಪರದ ಕೆಳಗಿತ್ತು. ತಿಪ್ಪೇಶನಿಗೆ ಓಡಿಸಲು ಬರುತ್ತಿತ್ತು, ಅಪ್ಪನೇ ಕಲಿಸಿದ್ದ. ಸರಿ, ಸ್ಟಾರ್ಟ್ ಮಾಡಿದ. ಸ್ವಲ್ಪ ಹೊತ್ತಿಗೆಲ್ಲ ಬಾನೆಟ್ಟಿನಿಂದ ಬುಸ್ ಬುಸ್ ಎಂದು ಹಬೆ!

"ನೀರು ಖಾಲಿಯೇನೋ, ಮುಚ್ಚಳ ತೆಗೆದು ನೋಡೋ!" ಎಂದಳು ಅವ್ವ.

ತೆಗೆದ. ರೇಡಿಯೇಟರಿನ ಮುಚ್ಚಳ ಚಪ್ಪರದ ಮೇಲಕ್ಕೆ ಹಾರಿತು, ಕುದಿಯುವ ನೀರು ಚಿಮ್ಮಿತು, ತಿಪ್ಪೇಶ ಗೊಬ್ಬರದ ಗುಂಡಿಗೆ ಬಿದ್ದು ಬದುಕಿಕೊಂಡ. ಎದುರಿನ ಗ್ಯಾರೇಜಿನಿಂದ ಹಯಾತ್ ಮೇಸ್ತ್ರಿ ಓಡಿ ಬಂದರು.

"ಲೇ ಮಂಕೇ! ಬಿಸಿ ಇರೋವಾಗ ಮುಚ್ಚಳ ಮುಟ್ತಾರೇನೋ? ತಣ್ಣಗಾಗೋವರೆಗೂ ಕಾಯಬೇಕು!"

"ಹಂಗೇ ಆಗಲಿ ಮೇಸ್ತ್ರಿ. ಇನ್ನು ಮುಟ್ಟಲ್ಲ."

ಜೀಪು ತಣ್ಣಗಾಗುವಷ್ಟರಲ್ಲಿ ಮಡಿಲು ತುಂಬಲು ಹೂವು ತರೋಣವೆಂದು ಬೋರಮ್ಮ ಹೊರಟಳು. "ಒಲೆ ಮೇಲೆ ಬುತ್ತಿಗೆ ಅನ್ನ ಇಟ್ಟಿದ್ದೀನಿ. ನೋಡ್ಕೋ!" ಎಂದಳು. ತಿಪ್ಪೇಶ ಒಲೆಯ ಮುಂದೆ ಕೂತ. ಕಣ್ಣು ಮಿಟುಕಿಸದೆ ನೋಡಿಕೊಂಡ. ಅವಳು ಹೂವು ಹಿಡಿದು ಬಂದರೆ ಮನೆ ತುಂಬ ಸೀದ ವಾಸನೆ, ಪಾತ್ರೆ ತುಂಬ ಇದ್ದಿಲು.

"ಮುಚ್ಚಳ ತೆಗೀಲಿಲ್ಲವೇನೋ?"

"ಬಿಸಿ ಇತ್ತವ್ವ. ತಣ್ಣಗಾಗಲಿ ಅಂತ ಕಾಯ್ತಾ ಇದ್ದೆ."

"ಒಲೆ ಉರೀತಿದ್ದರೆ ಎಲ್ಲಿಂದ ತಣ್ಣಗಾಗುತ್ತೋ! ಒಂದಗುಳು ತೆಗೆದು ಹಿಸುಕಿ ನೋಡಬೇಕು. ಮೆತ್ತಗಿದ್ದರೆ ಸರಿಯಾಗಿದೆ, ಗಟ್ಟಿ ಇದ್ದರೆ ಸರಿಯಾಗಿಲ್ಲ. ತಿಳೀತಾ?"

"ತಿಳೀತವ್ವ. ಮೆತ್ತಗಿದ್ದರೆ ಸರಿ, ಗಟ್ಟಿ ಇದ್ದರೆ ಸರಿಯಿಲ್ಲ."

ಅಷ್ಟರಲ್ಲಿ ಮೇಸ್ತ್ರಿ ಕೂಗಿದರು. "ತಿಪ್ಪೇಶ, ನೀರು ಸೋರ್ತಿರೋದು ಹೋಸ್ ಪೈಪಿಂದ. ಮೇಲೊಂದಿದೆ, ಕೆಳಗೊಂದಿದೆ. ಎರಡನ್ನೂ ಹಿಸುಕಿ ನೋಡು. ಕೆಟ್ಟಿರೋದನ್ನ ಬಿಚ್ಚಿಡು. ಪೇಟೆಗೆ ಹೋಗಿ ಹೊಸ ಪೈಪು ತರ್ತೀನಿ."

ತಿಪ್ಪೇಶ ಮೇಲಿನದನ್ನು ಹಿಸುಕಿದ. ಗಟ್ಟಿ. ಕೆಳಗಿನದನ್ನು ಹಿಸುಕಿದ. ಬೆಂದ ಬದನೆಕಾಯಿಯ ಹಾಗೆ ಮೆತ್ತಗೆ! ಮೇಲಿನದನ್ನು ಬಿಚ್ಚಿಟ್ಟ. ಕೆಳಗಿನದನ್ನು ಬಟ್ಟೆಯಲ್ಲಿ ಒರೆಸಿ ಹೊಳೆಯುವಂತೆ ಮಾಡಿದ. ಮೇಸ್ತ್ರಿ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತರು.

"ಚೆನ್ನಾಗಿರೋದನ್ನ ಬಿಚ್ಚಿದೀಯಲ್ಲೋ!"

"ಅದು ಇನ್ನೂ ಬೆಂದಿರಲಿಲ್ಲ ಮೇಸ್ತ್ರಿ."

"ಇದೇನು ಅನ್ನವೇನೋ! ರಬ್ಬರು ಮೆತ್ತಗಾದರೆ ಕೊಳೆತಿದೆ ಅಂತ! ಮೆತ್ತಗಿರೋದನ್ನ ಆಚೆ ಬಿಸಾಕು, ಗಟ್ಟಿ ಇರೋದನ್ನ ಇಟ್ಕೋ!"

"ಹಂಗೇ ಆಗಲಿ ಮೇಸ್ತ್ರಿ."

ಮೇಸ್ತ್ರಿ ತಾವೇ ಮೇಲಿನ ಪೈಪನ್ನು ಮತ್ತೆ ಹಾಕಿದರು, ಕೆಳಗೆ ಹೊಸದನ್ನು ಕೂರಿಸಿದರು, ಕ್ಲಿಪ್ಪು ಬಿಗಿದರು, ನೀರು ತುಂಬಿದರು. ಬಿಸಿಲು ಏರುತ್ತಿತ್ತು. ಬೋರಮ್ಮ ಬಾಗಿಲಿಗೂ ಬೀದಿಗೂ ತಿರುಗಿ ತಿರುಗಿ ಸುಸ್ತಾಗಿದ್ದಳು.

"ಬೇಗ ಬೇಗ! ಬಸುರಿ ಕೂರೋ ಸೀಟು ಸರಿ ಮಾಡೋ. ಹಾಸಿಗೆ ಜಗಲಿ ಮೇಲಿದೆ."

ತಿಪ್ಪೇಶ ಜಗಲಿಗೆ ಹೋದ. ಹಾಸಿಗೆಯನ್ನು ಹಿಸುಕಿದ. ಅಯ್ಯಯ್ಯೋ, ಎಷ್ಟು ಮೆತ್ತಗೆ! ಎತ್ತಿ ಬೇಲಿಯಾಚೆ ಬಿಸಾಕಿದ. ಬಟ್ಟೆ ಒಗೆಯುವ ಕಲ್ಲನ್ನು ಹಿಸುಕಿದ. ಒಳ್ಳೇ ಗಟ್ಟಿ! ಹೊತ್ತು ತಂದು ಸೀಟಿನ ಮೇಲೆ ಇಟ್ಟ.

"ನನ್ನ ಮಗಳನ್ನು ಕಲ್ಲಿನ ಮೇಲೆ ಕೂರಿಸ್ತೀಯೇನೋ ಪಾಪಿ!" ಬೋರಮ್ಮ ಬೇಲಿಯಾಚೆ ಓಡಿ ಹಾಸಿಗೆ ಕೊಡವಿ ತಂದಳು. "ಇನ್ನು ನಿನ್ನ ಬುದ್ಧಿ ಉಪಯೋಗಿಸಬೇಡ! ಗಾಡಿ ವಿಷಯ ಮೇಸ್ತ್ರಿ ಏನು ಹೇಳ್ತಾರೋ ಅದನ್ನೇ ಮಾಡು. ಒಂದಕ್ಷರ ಆಚೀಚೆ ಆಗಬಾರದು!"

ಮೇಸ್ತ್ರಿ ಅವನ ಕಿವಿ ಹಿಂಡಿ ಹೇಳಿದರು: "ಒಂದೇ ಒಂದು ಹನಿ ನೀರು ಬೀಳೋದು ಕಂಡರೂ ಗಾಡಿ ಬಿಡಬೇಡ. ಆಫ್ ಮಾಡು. ಹನಿ ನಿಂತ ಮೇಲೇ ಹೊರಡು."

"ಒಂದಕ್ಷರವೂ ಆಚೀಚೆ ಆಗಲ್ಲ ಮೇಸ್ತ್ರಿ!"

ಜೀಪು ಹೂವಿನ ಹಾಗೆ ಓಡಿತು. ಎಲ್ಲೂ ಹಬೆಯಿಲ್ಲ, ಎಲ್ಲೂ ಸದ್ದಿಲ್ಲ. ಬೀಗರ ಮನೆ ಸೇರಿದರು, ಮಡಿಲು ತುಂಬಿದರು, ಸಾಕಮ್ಮನನ್ನು ಹಾಸಿಗೆಯ ಮೇಲೆ ಕೂರಿಸಿದರು. ಬೀಗಿತ್ತಿ ಮೊದಲೇ ಹೋಗಿ ಗಡಿಕಲ್ಲಿನ ಹತ್ತಿರ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

ಇನ್ನೇನು ಗಡಿಕಲ್ಲು ಬಂತು. ಸಾಕಮ್ಮ ಸ್ಟೇರಿಂಗ್ ನೋಡಿ ಅಂದಳು: "ಅಪ್ಪ ಇದ್ದಿದ್ದರೆ ಇವತ್ತು ಅವನೇ ಬರ್ತಿದ್ದ, ಅಲ್ವೇನವ್ವ?"

ಅವಳ ಕಣ್ಣಿಂದ ಒಂದು ಹನಿ ಬಿತ್ತು. ಬೋರಮ್ಮನ ಕಣ್ಣಿಂದ ಇನ್ನೊಂದು.

ತಿಪ್ಪೇಶ ಗಕ್ಕನೆ ಬ್ರೇಕ್ ಹಾಕಿದ. ಗಾಡಿ ಆಫ್!

"ಯಾಕೋ ನಿಲ್ಲಿಸ್ದೆ?"

"ಹನಿ ಬಿತ್ತವ್ವ."

"ಅದು ಕಣ್ಣೀರು ಕಣೋ!"

"ನೀರೇ ಅಲ್ವಾ? ಹನಿ ನಿಂತ ಮೇಲೇ ಹೊರಡು ಅಂದಿದ್ದಾರೆ."

"ರಾಹುಕಾಲ ಹುಟ್ತು!" ಎಂದು ಬೀಗಿತ್ತಿ ಕೂಗಿದಳು. "ಇಳಿಸ್ರಿ ನನ್ನ ಸೊಸೇನ!"

"ಇನ್ನೂ ಹುಟ್ಟಿಲ್ಲ!" ಎಂದಳು ಬೋರಮ್ಮ. ಕಣ್ಣು ಒರೆಸಿಕೊಂಡಳು. ಗಾಬರಿಗೆ ಮತ್ತೆ ನೀರು ಬಂತು. ಮಗಳ ಕಣ್ಣು ಒರೆಸಿದಳು. ಅಲ್ಲೂ ಮತ್ತೆ ನೀರು! ತಿಪ್ಪೇಶ ಕೈ ಕಟ್ಟಿ ಕೂತ. ಆಗ ಬೋರಮ್ಮನಿಗೆ ಒಂದು ಉಪಾಯ ಹೊಳೆಯಿತು.

"ಲೋ, ಮೇಸ್ತ್ರಿ ಗಾಡಿ ಬಿಡಬೇಡ ಅಂದರು, ಸರಿ. ತಳ್ಳಬೇಡ ಅಂದರಾ?"

ತಿಪ್ಪೇಶ ಯೋಚಿಸಿದ. "ಇಲ್ಲ."

"ಹಂಗಾದರೆ ತಳ್ಳೋ!"

ಅವಳು ಸ್ಟೇರಿಂಗ್ ಹಿಡಿದಳು. ಅವನು ಇಳಿದು ಹಿಂದಿನಿಂದ ತಳ್ಳಿದ. ಮುಂದಿನ ಚಕ್ರ ದಾಟಿತು, ಹಿಂದಿನ ಚಕ್ರವೂ ದಾಟಿತು. ಬೀಗಿತ್ತಿ ಬಾಯಿ ತೆರೆದವಳು ತೆರೆದೇ ನಿಂತಳು.

"ದಾಟಿದ್ವಿ! ಬಾರೋ ಮಗನೇ, ಹತ್ತಿ ಗಾಡಿ ಬಿಡೋ!"

ತಿಪ್ಪೇಶ ಬಂದು ಇಣುಕಿದ. ತಾಯಿ ಮಗಳು ನಗುತ್ತಿದ್ದರು. ನಕ್ಕು ನಕ್ಕು ಇಬ್ಬರ ಕಣ್ಣಿಂದಲೂ ಪಟಪಟ ಹನಿ! ಹಿಂದಕ್ಕೆ ಹೋಗಿ ಮತ್ತೆ ತಳ್ಳಿದ. ಅದನ್ನು ಕಂಡು ಅವರು ಇನ್ನೂ ನಕ್ಕರು. ಅವನು ಇನ್ನೂ ತಳ್ಳಿದ. ಹಳ್ಳ ದಾಟಿತು, ಏರು ದಾಟಿತು, ಹೊತ್ತು ಮುಳುಗುವಾಗ ತವರುಮನೆ ಬಂತು.

ಮೇಸ್ತ್ರಿ ಗಾಬರಿಯಾಗಿ ಎದುರು ಬಂದರು. "ಏನೋ, ಹೋಸು ಮತ್ತೆ ಸೋರಿತಾ?"

ತಿಪ್ಪೇಶ ಬೆವರು ಒರೆಸಿಕೊಂಡ. "ಹೋಸು ಒಂದು ಹನೀನೂ ಸೋರಲಿಲ್ಲ ಮೇಸ್ತ್ರಿ. ಇವರಿಬ್ಬರಿಗೂ ಒಂದೊಂದು ಕ್ಲಿಪ್ಪು ಹಾಕಿ ಬಿಗಿ ಮಾಡಿ."